ಟವರ್ ಇಲ್ಲ, ಬೀಪ್ ಇದೆ: ಆಸ್ಟ್ರೇಲಿಯಾದ ಹಳ್ಳಿ ಏರ್‌ಪೋರ್ಟ್‌ಗಳ ರೇಡಿಯೋ ಸರ್ವಿಸ್ ರಿವ್ಯೂ

ರೇಟಿಂಗ್ ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ. ಆ ಒಂದೂವರೆ ಎಲ್ಲಿ ಹೋಯ್ತು ಅನ್ನೋದು ಕೆಳಗೆ ಬರುತ್ತೆ, ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಓದಿ.

ನಾನಿರೋದು ಮೆಲ್ಬರ್ನ್‌ನಲ್ಲಿ. ವೀಕೆಂಡ್ ಬಂದ್ರೆ ಕ್ಲಬ್ಬಿನ ಸೆಸ್ನಾ 172 ಬಾಡಿಗೆಗೆ ತಗೊಂಡು ಹಾರೋ ಚಟ. ಊರಿಗೆ ಹೋದಾಗ ಇದನ್ನ ಹೇಳಿದ್ರೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ, ಗಂಟೆಗೆ ಎಷ್ಟಾಗುತ್ತೆ, ಮತ್ತೆ ಕೆಳಗಿಂದ ನಿಮ್ಮನ್ನ ಯಾರು ಕಂಟ್ರೋಲ್ ಮಾಡ್ತಾರೆ. ಮೊದಲನೇದರ ಉತ್ತರ ಮನೇಲಿ ಗೊತ್ತಾಗೋದು ಬೇಡ. ಎರಡನೇದಕ್ಕೆ ಉತ್ತರ, ಯಾರೂ ಇಲ್ಲ. ಜನಕ್ಕೆ ನಂಬಿಕೆ ಬರಲ್ಲ. ಏರ್‌ಪೋರ್ಟ್ ಅಂದ್ಮೇಲೆ ಗಾಜಿನ ಟವರ್ ಇರ್ಬೇಕು, ಅದ್ರೊಳಗೆ ಹೆಡ್‌ಸೆಟ್ ಹಾಕಿರೋ ಒಬ್ರು ಕೂತಿರ್ಬೇಕು ಅಂತ ನಮ್ಮ ತಲೇಲಿ ಕೂತ್ಬಿಟ್ಟಿದೆ. ಇಷ್ಟು ದೊಡ್ಡ ಆಸ್ಟ್ರೇಲಿಯಾದಲ್ಲಿ, ಮಿಲಿಟರಿಯೋರದ್ದು ಬಿಟ್ರೆ, ಟವರ್ ಇರೋ ಏರ್‌ಪೋರ್ಟ್ ಸುಮಾರು ಮೂವತ್ತು ಅಷ್ಟೇ. ಮಿಕ್ಕಿದ್ದೆಲ್ಲ, ಅಂದ್ರೆ ನೂರಾರು ಏರ್‌ಸ್ಟ್ರಿಪ್‌ಗಳು, ಕೆಲವಕ್ಕೆ ದಿನಾ ಐವತ್ತು ಎಪ್ಪತ್ತು ಸೀಟಿನ ಪ್ಯಾಸೆಂಜರ್ ಫ್ಲೈಟ್ ಬಂದ್ರೂ, ಟವರ್ ಇಲ್ದೇನೇ ನಡೆಯುತ್ತೆ. ನಾನು ಕಲ್ತ ಏರ್‌ಪೋರ್ಟಲ್ಲಿ ಟವರ್ ಇದೆ, ಆದ್ರೆ ಕಂಟ್ರೋಲರ್ ಡ್ಯೂಟಿ ಮುಗಿಸಿ ಮನೆಗೆ ಹೋದ್ಮೇಲೆ ಅದೂ ಟವರ್ ಇಲ್ಲದ ಏರ್‌ಪೋರ್ಟೇ. ಫ್ರೀಕ್ವೆನ್ಸಿ ಅದೇ ಇರುತ್ತೆ, ಆ ಕಡೆ ಕೂತೋರು ಇರಲ್ಲ ಅಷ್ಟೇ.

ಹಂಗಾದ್ರೆ ಏನಿದೆ ಅಲ್ಲಿ? ಒಂದು ಫ್ರೀಕ್ವೆನ್ಸಿ ಇದೆ. ಇಲ್ಲಿಯೋರು ಅದನ್ನ ಸೀಟ್ಯಾಫ್ ಅಂತಾರೆ. ಏರ್‌ಪೋರ್ಟಿಂದ ಹತ್ತು ನಾಟಿಕಲ್ ಮೈಲಿ ಒಳಗೆ ಬಂದೋರೆಲ್ಲ ಆ ಒಂದೇ ಫ್ರೀಕ್ವೆನ್ಸಿಗೆ ಬಂದು, ನಾನು ಯಾರು, ಎಲ್ಲಿದೀನಿ, ಎಷ್ಟು ಎತ್ತರದಲ್ಲಿ ಇದೀನಿ, ಏನ್ಮಾಡ್ತೀನಿ ಅಂತ ಹೇಳ್ತಾರೆ, ಬೇರೆಯೋರು ಹೇಳೋದನ್ನ ಕೇಳಿಸ್ಕೊಂಡು ತಲೇಲಿ ಒಂದು ಚಿತ್ರ ಬರ್ಕೋತಾರೆ. ಯಾರೂ ಯಾರಿಗೂ ಪರ್ಮಿಷನ್ ಕೊಡಲ್ಲ, 'ಕ್ಲಿಯರ್ಡ್ ಟು ಲ್ಯಾಂಡ್' ಅನ್ನೋ ಮಾತೇ ಇಲ್ಲ. ನಾನು ಇಲ್ಲಿ ರಿವ್ಯೂ ಮಾಡ್ತಿರೋ ಸರ್ವಿಸ್ ಅಂದ್ರೆ ಇದೇ. ಇದರಲ್ಲಿ ಕಸ್ಟಮರೂ ನೀವೇ, ಸ್ಟಾಫೂ ನೀವೇ.

ಮೊದಲು ಮೆಷಿನ್‌ಗಳ ವಿಷ್ಯ, ಯಾಕಂದ್ರೆ ಈ ಸರ್ವಿಸ್‌ನಲ್ಲಿ ಕಂಪ್ಲೇಂಟ್ ಇಲ್ದೇ ಕೆಲಸ ಮಾಡೋದು ಅವೇ.

ಆವಿಸ್ ಅಂತ ಒಂದಿದೆ, ತಾನೇ ಹವಾಮಾನ ಹೇಳೋ ಪೆಟ್ಟಿಗೆ. ಮನೇಲಿ ಸೋಫಾ ಮೇಲೆ ಕೂತ್ಕೊಂಡು ಆ ಏರ್‌ಪೋರ್ಟಿನ ನಂಬರಿಗೆ ಫೋನ್ ಮಾಡಿದ್ರೆ ಒಂದು ರೋಬೋ ದನಿ ಗಾಳಿ ಯಾವ ಕಡೆಯಿಂದ, ಎಷ್ಟು ನಾಟ್, ಟೆಂಪರೇಚರ್, ಪ್ರೆಷರ್ ಎಲ್ಲಾ ಓದುತ್ತೆ. ಎಷ್ಟೋ ಕಡೆ ಹಾರ್ತಾ ಇರುವಾಗ ರೇಡಿಯೋದಲ್ಲೂ ಸಿಗುತ್ತೆ. ದನಿ ಅಂತೂ ಬಿಡಿ, ಯಾವುದೋ ಹಳೇ ಬ್ಯಾಂಕಿನ ಐವಿಆರ್ ತರ, ಆದ್ರೆ ನೂರೈವತ್ತು ಮೈಲಿ ದೂರದ ರನ್‌ವೇ ಮೇಲೆ ಈ ಕ್ಷಣ ಏನು ಗಾಳಿ ಅಂತ ಫೋನಲ್ಲಿ ತಿಳ್ಕೊಳೋದು ಸಣ್ಣ ಮಾತಲ್ಲ. ಯಾವ ರನ್‌ವೇ ಬಳಕೇಲಿ ಇರ್ಬಹುದು ಅಂತ ಹೊರಡೋಕೆ ಮುಂಚೆನೇ ಅಂದಾಜು ಸಿಗುತ್ತೆ. ಇದಕ್ಕೆ ಐದಕ್ಕೆ ಐದು. ಕಣ್ಮುಚ್ಚಿ.

ಎರಡನೇದು ಪ್ಯಾಲ್. ಪೈಲಟ್ಟೇ ರೇಡಿಯೋದಿಂದ ರನ್‌ವೇ ಲೈಟ್ ಹಾಕ್ಕೊಳ್ಳೋ ವ್ಯವಸ್ಥೆ. ರಾತ್ರಿ ಯಾರೂ ಇಲ್ಲದ ಏರ್‌ಪೋರ್ಟಿಗೆ ಬರ್ತಿದೀರ, ಕೆಳಗೆ ಕಪ್ಪು ಬಿಟ್ರೆ ಏನೂ ಇಲ್ಲ, ಮೈಕ್ ಬಟನ್‌ನ ಮೂರು ಸಲ ಒತ್ತಿ ಬಿಡ್ತೀರ, ಎಷ್ಟು ಹೊತ್ತು ಒತ್ಬೇಕು ಎಷ್ಟು ಗ್ಯಾಪ್ ಕೊಡ್ಬೇಕು ಅನ್ನೋದಕ್ಕೆ ಲೆಕ್ಕ ಇದೆ, ಸರಿಯಾಗಿ ಒತ್ತಿದ್ರೆ ಕತ್ತಲಲ್ಲಿ ಎರಡು ಸಾಲು ದೀಪ ಪಟ್ ಅಂತ ಹತ್ಕೊಳ್ಳುತ್ತೆ. ಮೊದಲ ಸಲ ನೋಡಿದಾಗ ನಾನು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಇದಾರೆ ಅನ್ನೋದನ್ನೂ ಮರ್ತು 'ಅಯ್ಯೋ ದೇವ್ರೇ' ಅಂತ ಕನ್ನಡದಲ್ಲೇ ಕೂಗಿದ್ದೆ. ಕಡಿಮೆ ಅಂದ್ರೆ ಅರ್ಧ ಗಂಟೆ ಉರಿಯುತ್ತೆ, ಆರೋಕೆ ಹತ್ತು ನಿಮಿಷ ಇರುವಾಗ ವಿಂಡ್‌ಸಾಕ್‌ನ, ಅಂದ್ರೆ ಗಾಳಿ ದಿಕ್ಕು ತೋರಿಸೋ ಬಟ್ಟೆ ಚೀಲದ, ಲೈಟ್ ಮಿಣುಕ್ ಮಿಣುಕ್ ಅನ್ನೋಕೆ ಶುರುವಾಗುತ್ತೆ, ಅದನ್ನ ಕಂಡ್ರೆ ಇನ್ನೊಂದು ಸಲ ಒತ್ಬೇಕು. ಬೇರೆಯೋರು ಹಾಕಿದ ಲೈಟ್ ಆಗ್ಲೇ ಉರೀತಿದ್ರೂ ನಿಮ್ಮ ಲೆಕ್ಕಕ್ಕೆ ನೀವೊಂದ್ಸಲ ಒತ್ಕೊಳಿ, ಫೈನಲ್‌ನಲ್ಲಿ, ಅಂದ್ರೆ ಇಳಿಯೋಕೆ ರನ್‌ವೇ ಕಡೆ ನೇರ ಬರ್ತಾ ಇರುವಾಗ ಅವರ ಟೈಮರ್ ಮುಗಿದುಹೋದ್ರೆ ಕಥೆ ಮುಗೀತು.

ಇದೂ ಇಲ್ಲದ ಜಾಗಗಳು ಇನ್ನೂ ಒಳಗೆ ಇದಾವೆ. ಔಟ್‌ಬ್ಯಾಕಲ್ಲಿ, ಅಂದ್ರೆ ಜನ ಕಮ್ಮಿ ಇರೋ ಒಳನಾಡಲ್ಲಿ, ದನದ ಫಾರಂಗಳ ಮಣ್ಣಿನ ಸ್ಟ್ರಿಪ್‌ಗೆ ವಿಮಾನದಲ್ಲಿ ಬರೋ ಡಾಕ್ಟರ್‌ಗಳ ಸೇವೆ, ರಾಯಲ್ ಫ್ಲೈಯಿಂಗ್ ಡಾಕ್ಟರ್‌ನೋರು ರಾತ್ರಿ ಇಳೀಬೇಕಾದ್ರೆ, ಫಾರಂ ಜನ ಟಾಯ್ಲೆಟ್ ಪೇಪರ್ ರೋಲ್‌ಗಳನ್ನ ಡೀಸೆಲ್ಲಲ್ಲಿ ಅದ್ದಿ ಡಬ್ಬಿಗಳಲ್ಲಿ ಇಟ್ಟು ಸಾಲಾಗಿ ಹಚ್ಚಿರೋ ಕಥೆಗಳು ಇಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಯಾರಾದ್ರೂ ಗಾಡೀಲಿ ಒಂದು ರೌಂಡ್ ಹೋಗಿ ಕಾಂಗರೂ ಓಡಿಸ್ಬೇಕು. ರನ್‌ವೇ ಸೇಫ್ಟಿ ಅಂದ್ರೆ ಅಲ್ಲಿ ಅದು.

ಇನ್ನು ಮೂರನೇ ಮೆಷಿನ್, ನನ್ನ ಫೇವರಿಟ್, ಬೀಪ್-ಬ್ಯಾಕ್. ಪೂರ್ತಿ ಹೆಸರು ಉದ್ದ ಇದೆ, ಯಾರೂ ಬಳಸಲ್ಲ. ಏರ್‌ಪೋರ್ಟಲ್ಲಿ ಎಲ್ಲೋ ಒಂದು ಶೆಡ್ಡೊಳಗೆ ಒಂದು ರೇಡಿಯೋ ಡಬ್ಬಿ ಕೂತಿರುತ್ತೆ. ನೀವು ಸೀಟ್ಯಾಫ್‌ನಲ್ಲಿ ಮಾತಾಡಿ ಬಟನ್ ಬಿಟ್ಟ ತಕ್ಷಣ ಅದು ವಾಪಸ್ ಸದ್ದು ಮಾಡುತ್ತೆ. ಹಿಂದಿನ ಐದು ನಿಮಿಷದಲ್ಲಿ ಯಾರೂ ಮಾತಾಡಿಲ್ಲ ಅಂದ್ರೆ ರೆಕಾರ್ಡ್ ಮಾಡಿದ ದನೀಲಿ ಏರ್‌ಪೋರ್ಟ್ ಹೆಸರು ಹೇಳುತ್ತೆ. ಐದು ನಿಮಿಷದೊಳಗೆ ಯಾರಾದ್ರೂ ಮಾತಾಡಿದ್ರೆ ಬರೀ ಒಂದು ಗಿಡ್ಡ ಬೀಪ್, ಸೆಕೆಂಡಿನ ಮೂರನೇ ಒಂದು ಭಾಗನೂ ಇಲ್ಲ. ಇಷ್ಟೇ. ಆದ್ರೆ ಈ ಇಷ್ಟರಲ್ಲಿ ಎಷ್ಟು ಮಾಹಿತಿ ಇದೆ ನೋಡಿ. ನನ್ನ ರೇಡಿಯೋ ಕೆಲಸ ಮಾಡ್ತಿದೆ, ಫ್ರೀಕ್ವೆನ್ಸಿ ಸರಿಯಾಗಿ ತಿರುಗಿಸಿದೀನಿ, ವಾಲ್ಯೂಮ್ ಸೊನ್ನೆಗೆ ಇಳಿದಿಲ್ಲ, ಇಷ್ಟೂ ಒಂದೇ ಸದ್ದಲ್ಲಿ ಗೊತ್ತಾಗುತ್ತೆ. ಅದರ ಮೇಲೆ, ಹೆಸರು ಬಂದ್ರೆ ಸುತ್ತಮುತ್ತ ಸ್ವಲ್ಪ ಹೊತ್ತಿಂದ ಮೌನ, ಬೀಪ್ ಬಂದ್ರೆ ಈಗ ತಾನೇ ಇಲ್ಲಿ ಯಾರೋ ಇದ್ರು, ಕಣ್ಣು ದೊಡ್ಡದು ಮಾಡ್ಕೊಂಡು ಹುಡುಕು ಅಂತ. ಯಾರು ಡಿಸೈನ್ ಮಾಡಿದ್ರೋ ಅವರಿಗೆ ನಮಸ್ಕಾರ.

ಆದ್ರೆ ಇಲ್ಲೇ ಒಂದು ಮೋಸನೂ ಇದೆ, ಡಬ್ಬಿದಲ್ಲ, ನಮ್ಮ ತಲೇದು. ಬೀಪ್ ಬಂದ್ರೆ ಏನೋ ಉತ್ತರ ಬಂದಂಗೆ ಅನ್ಸುತ್ತೆ. ಯಾರೋ 'ಹ್ಞೂಂ, ಕೇಳಿಸ್ತು' ಅಂದಂಗೆ. ಕೇಳಿಸ್ಕೊಂಡಿದ್ದು ಡಬ್ಬಿ ಮಾತ್ರ. ರನ್‌ವೇ ಆ ತುದೀಲಿ ನಿಂತಿರೋ ಇನ್ನೊಂದು ವಿಮಾನದೋರಿಗೆ ಕೇಳಿಸ್ತಾ ಇಲ್ವಾ ಅನ್ನೋದಕ್ಕೂ ಬೀಪ್‌ಗೂ ಸಂಬಂಧ ಇಲ್ಲ. ಆಗುಂಬೆ ಘಾಟಿ ತಿರುವಲ್ಲಿ ಹಾರ್ನ್ ಹೊಡೆದು ಅದರ ಪ್ರತಿಧ್ವನಿ ಕೇಳಿ ಎದುರುಗಡೆ ಬಸ್ಸಿನೋನು ನಿಲ್ಸಿದಾನೆ ಅಂದ್ಕೊಂಡಂಗೆ ಅದು. ಹಾಗಾಗಿ ಬೀಪ್‌ಗೆ ನಾಲ್ಕೂವರೆ. ಹಾ, ಎಲ್ಲಾ ಕಡೆ ಬೀಪ್ ಇರಲ್ಲ, ಮತ್ತೆ ನಾನು ಹೋದ ಒಂದು ಊರಲ್ಲಿ, ಹೆಸರು ಬೇಡ, ದನಿ ಬಾವಿಯೊಳಗಿಂದ ಬಂದಂಗೆ ಇತ್ತು, ಯಾವ ಊರು ಅಂತಾನೇ ಗೊತ್ತಾಗ್ಲಿಲ್ಲ.

ಈಗ ಮೇನ್ ವಿಷ್ಯ, ಮನುಷ್ಯರು.

ಮಾತಾಡೋ ರೀತಿಗೆ ಒಂದು ಅಚ್ಚು ಇದೆ. ಊರ ಹೆಸರು, ಆಮೇಲೆ 'ಟ್ರಾಫಿಕ್', ವಿಮಾನ ಯಾವುದು, ಕಾಲ್‌ಸೈನ್ (ರೇಡಿಯೋದಲ್ಲಿ ಆ ವಿಮಾನದ ಹೆಸರು), ಎಲ್ಲಿ, ಎಷ್ಟು ಎತ್ತರ, ಏನು ಪ್ಲ್ಯಾನ್, ಕೊನೇಲಿ ಮತ್ತೆ ಊರ ಹೆಸರು. ಎರಡು ಸಲ ಯಾಕೆ ಅಂದ್ರೆ, ಬೇರೆ ಫ್ರೀಕ್ವೆನ್ಸಿ ಕೊಟ್ಟಿಲ್ಲದ ಸ್ಟ್ರಿಪ್‌ಗಳೆಲ್ಲ 126.7 ಅನ್ನೋ ಒಂದೇ ಫ್ರೀಕ್ವೆನ್ಸಿ ಮೇಲೆ ಇರ್ತಾವೆ. ಮೇಲೆ ಹೋದಷ್ಟೂ ರೇಡಿಯೋ ದೂರ ಹೋಗುತ್ತೆ, ಹಾಗಾಗಿ ಎಂಟು ಸಾವಿರ ಅಡೀಲಿ ಇರೋನಿಗೆ ನಾಲ್ಕೈದು ಊರಿನ ಮಾತು ಒಟ್ಟಿಗೆ ಕೇಳುತ್ತೆ, ನಡುವೆ ಯಾರೋ 'ಟರ್ನಿಂಗ್ ಬೇಸ್', ಅಂದ್ರೆ ಇಳಿಯೋಕೆ ಮುಂಚಿನ ತಿರುವಲ್ಲಿದೀನಿ, ಅಂತ ಹೇಳಿದ್ರೆ ಯಾವ ಊರಿನ ಬೇಸು? ಮೊದಲನೇ ಹೆಸರು ಬಟನ್ ಒತ್ತೋ ಅವಸರದಲ್ಲಿ ಕಟ್ ಆಗಿರುತ್ತೆ, ಕೊನೇ ಹೆಸರೇ ಕಾಪಾಡೋದು. ಇನ್ನೊಂದು ಕಾಯಿಲೆ, ಇಬ್ರು ಒಂದೇ ಸಲ ಬಟನ್ ಒತ್ತಿದ್ರೆ ಮಿಕ್ಕಿದೋರಿಗೆ ಬರೀ ಕಿರ್ರ್ ಅನ್ನೋ ಸದ್ದು, ಆ ಇಬ್ರಿಗೂ ಮಾತ್ರ ತಮ್ಮ ಮಾತು ಚೆನ್ನಾಗಿ ಹೋಯ್ತು ಅನ್ನೋ ನೆಮ್ಮದಿ.

ಇದು ಎಷ್ಟು ನಾಜೂಕು ಅಂತ ನೋಡ್ಬೇಕಂದ್ರೆ ಮಿಲ್ಡೂರಾ ನೋಡಿ. ವಿಕ್ಟೋರಿಯಾದ ಮೂಲೇಲಿರೋ ಊರು, ದ್ರಾಕ್ಷಿ ಕಿತ್ತಳೆ ತೋಟಗಳ ನಾಡು, ಏರ್‌ಪೋರ್ಟ್ ಬಿಝಿ, ಟವರ್ ಇಲ್ಲ. ಒಂದನ್ನೊಂದು ದಾಟೋ ಎರಡು ರನ್‌ವೇ. 2023ರ ಜೂನ್ 6ರಂದು ಪೈಪರ್ ವಾರಿಯರ್ ಅನ್ನೋ ಒಂದು ಸಣ್ಣ ವಿಮಾನ ಉತ್ತರದ ಕಡೆ ರನ್‌ವೇ 36ರಿಂದ, ಪ್ಯಾಸೆಂಜರ್ ಇದ್ದ ಒಂದು ಡ್ಯಾಶ್ 8 ವಿಮಾನ ಪೂರ್ವದ ಕಡೆ ರನ್‌ವೇ 09ರಿಂದ, ಎರಡೂ ಒಟ್ಟೊಟ್ಟಿಗೆ ಟೇಕಾಫ್‌ಗೆ ಹೊರಟ್ವು. ಪೈಪರ್ ಪೈಲಟ್ ರೇಡಿಯೋದಲ್ಲಿ ರನ್‌ವೇ 36 ಅನ್ನೋ ಬದಲು 35 ಅಂದಿದ್ರು. ಮಿಲ್ಡೂರಾದಲ್ಲಿ 35 ಅನ್ನೋ ರನ್‌ವೇ ಇಲ್ವಲ್ಲ, ಹಾಗಾಗಿ ಡ್ಯಾಶ್ 8ನೋರು ಇವನ್ಯಾರೋ ಬೇರೆ ಏರ್‌ಪೋರ್ಟಲ್ಲಿ ಇರೋನು ಅಂದ್ಕೊಂಡ್ರು. ಅದಲ್ದೇ ಆ ಎರಡು ರನ್‌ವೇ ತುದಿಗಳಲ್ಲಿ ನಿಂತ್ರೆ ಕಟ್ಟಡ ಮತ್ತೆ ಜಾಗದ ಏರುಪೇರು ಅಡ್ಡ, ಒಬ್ಬರಿಗೊಬ್ಬರು ಕಾಣಲ್ಲ. ವಿಮಾನದ ರೇಡಿಯೋ ನೇರ ಗೆರೇಲಿ ಹೋಗೋದು, ಹಾಗಾಗಿ ಕಾಣದ ಜಾಗದಲ್ಲಿ ಕೇಳಿಸೋದೂ ಕಷ್ಟ. ದೇವರು ದೊಡ್ಡೋನು, ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಅದೇ ವರ್ಷ ಸೆಪ್ಟೆಂಬರಲ್ಲಿ, ಅದೇ ಮಿಲ್ಡೂರಾದಲ್ಲಿ, ಲ್ಯಾಂಕೇರ್ ಅನ್ನೋ ಒಂದು ಸಣ್ಣ ವಿಮಾನ ಮತ್ತೊಂದು ಡ್ಯಾಶ್ 8 ನಡುವೆ ಮತ್ತೆ ಅದೇ ಕಥೆ. ತನಿಖೆ ಮಾಡಿದ ಎಟಿಎಸ್‌ಬಿ, ಅಂದ್ರೆ ಇಲ್ಲಿನ ಸಾರಿಗೆ ಸುರಕ್ಷತಾ ಬ್ಯೂರೋ, ಎತ್ತಿ ತೋರಿಸಿದ ಒಂದು ಅಂಶ ಅಂದ್ರೆ ಅಲ್ಲಿ ರೋಲಿಂಗ್ ಕಾಲ್ ಕಡ್ಡಾಯ ಇರ್ಲಿಲ್ಲ ಅನ್ನೋದು.

ರೋಲಿಂಗ್ ಕಾಲ್ ಅಂದ್ರೆ ಏನೂ ಇಲ್ಲ, ಥ್ರಾಟಲ್ ಮುಂದೆ ತಳ್ಳೋ ಮುಂಚೆ 'ಇಂಥಾ ರನ್‌ವೇ, ಈಗ ರೋಲಿಂಗ್' ಅಂತ ಒಂದು ಮಾತು. ಎರಡು ಮೂರು ಸೆಕೆಂಡ್. ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ರನ್‌ವೇ ಕಡೆ ಹೋಗುವಾಗ) ಒಂದು ಸಲ ಹೇಳಿದೀನಲ್ಲ, ರನ್‌ವೇ ಮೇಲೆ ಬರುವಾಗ ಇನ್ನೊಂದು ಸಲ ಹೇಳಿದೀನಲ್ಲ, ಮತ್ಯಾಕೆ ಅಂತ ಬಹಳ ಜನ ಬಿಡ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ ಎಲ್ಲಾ ಕಾಲ್‌ಗಳಿಗಿಂತ ಬೆಲೆ ಇರೋದು ಇದಕ್ಕೇ. ಮಿಕ್ಕ ಕಾಲ್‌ಗಳು ಇನ್ನು ಸ್ವಲ್ಪ ಹೊತ್ತಲ್ಲಿ ಏನಾಗುತ್ತೆ ಅಂತ ಹೇಳ್ತಾವೆ, ಇದು ಈ ಸೆಕೆಂಡಲ್ಲಿ ಏನಾಗ್ತಿದೆ ಅಂತ ಹೇಳುತ್ತೆ. ರನ್‌ವೇ ಮೇಲೆ ಬಂದು ನೇರಕ್ಕೆ ನಿಂತು ಚೆಕ್‌ಲಿಸ್ಟ್ ಓದ್ತಾ ಕೂರೋ ಜನ ಇದಾರೆ, ಲೈನ್-ಅಪ್ ಕಾಲ್ ಕೊಟ್ಟು ಒಂದೂವರೆ ನಿಮಿಷ ಆಗಿರುತ್ತೆ, ಅಷ್ಟೊತ್ತಿಗೆ ಅದನ್ನ ಕೇಳಿದೋರ ತಲೇಲಿ ಆ ವಿಮಾನ ಹಾರಿಹೋಗಿರುತ್ತೆ.

ರನ್‌ವೇ ಮೇಲೆ ನಿಂತಿರೋದರ ಅಪಾಯಕ್ಕೆ ಅಮೆರಿಕದ ಕ್ವಿನ್ಸಿ ಘಟನೆ ಇಲ್ಲೂ ಕ್ಲಾಸಲ್ಲಿ ಬರುತ್ತೆ. ಇಲಿನಾಯ್ ರಾಜ್ಯ, 1996ರ ನವೆಂಬರ್ 19, ಟವರ್ ಇಲ್ಲದ ಏರ್‌ಪೋರ್ಟ್. ಪ್ಯಾಸೆಂಜರ್ ಇದ್ದ ಬೀಚ್ 1900 ವಿಮಾನ ಲ್ಯಾಂಡ್ ಆಗೋಕೆ ಬರ್ತಿತ್ತು, ಅದು ಇಳಿಯೋ ರನ್‌ವೇನ ದಾಟೋ ಇನ್ನೊಂದು ರನ್‌ವೇ ಮೇಲೆ ಕಿಂಗ್ ಏರ್ ಅನ್ನೋ ವಿಮಾನ ನಿಂತಿತ್ತು, ಅದರ ಹಿಂದೆ ಚೆರೋಕೀ ಅನ್ನೋ ಸಣ್ಣ ವಿಮಾನ ಕಾಯ್ತಿತ್ತು. ಬೀಚ್‌ನೋರು ರೇಡಿಯೋದಲ್ಲಿ ಕೇಳಿದ್ರು, ರನ್‌ವೇ ಮೇಲಿರೋರೇ, ನೀವು ಅಲ್ಲೇ ನಿಂತಿರ್ತೀರಾ ಇಲ್ಲಾ ಹೊರಡ್ತೀರಾ ಅಂತ. ಉತ್ತರ ಬಂತು, ಕಾಯ್ತೀವಿ ಅಂತ. ಉತ್ತರ ಕೊಟ್ಟಿದ್ದು ಹಿಂದಿದ್ದ ಚೆರೋಕೀ. ಆ ಮಾತಿನ ನಡುವೆ ಬೀಚ್‌ನ ಕಾಕ್‌ಪಿಟ್ಟಲ್ಲೇ ಎತ್ತರ ಹೇಳೋ ಆಟೋಮ್ಯಾಟಿಕ್ ದನಿ ಬಾಯಿ ಹಾಕ್ತು, ಒಂದಷ್ಟು ಮುಚ್ಚಿಹೋಯ್ತು. ಕಿಂಗ್ ಏರೇ ಒಪ್ಕೊಂಡ್ತು ಅಂದ್ಕೊಂಡು ಇವರು ಇಳಿದ್ರು, ಅದು ಹೊರಡ್ತು. ಎರಡೂ ವಿಮಾನ ಸೇರಿ 14 ಜನ, ಒಬ್ರೂ ಉಳೀಲಿಲ್ಲ. ಇದರಲ್ಲಿ ರೇಡಿಯೋ ಕೆಟ್ಟಿರ್ಲಿಲ್ಲ ಅನ್ನೋದನ್ನ ಗಮನಿಸಿ. ಪ್ರಶ್ನೆ ಹೋಗಿದೆ, ಉತ್ತರ ಬಂದಿದೆ, ಉತ್ತರ ಕೊಟ್ಟೋರು ಯಾರು ಅನ್ನೋದು ಮಾತ್ರ ತಪ್ಪಿದೆ. ಕಾಲ್‌ಸೈನ್ ನುಂಗಿ ಮಾತಾಡೋರನ್ನ ಕಂಡ್ರೆ ನನಗೆ ಅದಕ್ಕೇ ಮೈ ಉರಿಯೋದು.

ನಮ್ಮೋರಿಗೆ ಹೆಚ್ಚು ತಟ್ಟೋ ಹೆಸರು ಇನ್ನೊಂದಿದೆ, ಮ್ಯಾಂಗಲೋರ್. ನಮ್ಮ ಮಂಗಳೂರಲ್ಲ. ಮೆಲ್ಬರ್ನ್‌ನಿಂದ ಉತ್ತರಕ್ಕೆ ಸೀಮೋರ್ ಹತ್ರ ಅದೇ ಸ್ಪೆಲಿಂಗಿನ ಒಂದು ಊರು, ಒಂದು ಏರ್‌ಪೋರ್ಟ್. ಬಜ್ಪೆ ತರ ಬೆಟ್ಟದ ಮೇಲಿನ ರನ್‌ವೇ ಅಲ್ಲ, ಹುಲ್ಲುಗಾವಲಿನ ನಡುವೆ ಸಪಾಟು, ಟವರ್ ಇಲ್ಲ, ಟ್ರೈನಿಂಗ್ ವಿಮಾನಗಳೇ ಜಾಸ್ತಿ. ಮೊದಲ ಸಲ ಮೈಕಲ್ಲಿ 'ಮ್ಯಾಂಗಲೋರ್ ಟ್ರಾಫಿಕ್' ಅಂತ ಹೇಳುವಾಗ ನಗು ತಡೆಯೋಕೆ ಆಗ್ಲಿಲ್ಲ, ಪಕ್ಕದಲ್ಲಿದ್ದ ಕುಂದಾಪುರದ ಫ್ರೆಂಡು ಲ್ಯಾಂಡ್ ಆದ್ಮೇಲೆ ನೀರ್‌ದೋಸೆ ಎಲ್ಲಿ ಸಿಗುತ್ತೆ ಅಂತ ಕೇಳಿದ. ನಗು ಅಷ್ಟಕ್ಕೇ. 2020ರ ಫೆಬ್ರವರಿ 19ರಂದು ಈ ಏರ್‌ಪೋರ್ಟಿನ ದಕ್ಷಿಣಕ್ಕೆ ಎರಡು ಟ್ವಿನ್ ಎಂಜಿನ್ ವಿಮಾನ ಆಕಾಶದಲ್ಲೇ ಡಿಕ್ಕಿ ಆದ್ವು, ಮ್ಯಾಂಗಲೋರಿಂದ ಮೇಲೇರ್ತಿದ್ದ ಪೈಪರ್ ಸೆಮಿನೋಲ್ ಒಂದು, ಆ ಕಡೆ ಇಳೀತಾ ಬರ್ತಿದ್ದ ಟ್ರಾವೆಲ್ ಏರ್ ಇನ್ನೊಂದು. ಎರಡರಲ್ಲೂ ತಲಾ ಇಬ್ರು, ನಾಲ್ಕೂ ಜನ ಹೋದ್ರು. ಇಬ್ರೂ ಇನ್‌ಸ್ಟ್ರುಮೆಂಟ್ ನಿಯಮದಲ್ಲಿ (ಹೊರಗೆ ನೋಡ್ಕೊಂಡಲ್ಲ, ಮೀಟರ್‌ಗಳನ್ನ ನೋಡ್ಕೊಂಡು ಹಾರೋ ನಿಯಮ) ಹಾರ್ತಿದ್ದೋರು, ಮೆಲ್ಬರ್ನ್ ಸೆಂಟರಿನ ಕಂಟ್ರೋಲರ್ ಇಬ್ರಿಗೂ ಇನ್ನೊಬ್ರ ಬಗ್ಗೆ ಟ್ರಾಫಿಕ್ ಮಾಹಿತಿ ಕೊಟ್ಟಿದ್ರು. ಆದ್ರೆ ಆ ಏರ್‌ಸ್ಪೇಸಲ್ಲಿ ಕಂಟ್ರೋಲರ್ ಕೆಲಸ ಮಾಹಿತಿ ಕೊಡೋದು ಅಷ್ಟೇ, ದೂರ ಇಡೋದು ಪೈಲಟ್‌ಗಳ ಕೆಲಸ. ಇಬ್ರೂ ನೇರವಾಗಿ ಮಾತಾಡ್ಕೊಂಡು ನೀನು ಆ ಕಡೆ ನಾನು ಈ ಕಡೆ ಅಂತ ಪಕ್ಕಾ ಮಾಡ್ಕೊಳ್ಳೋದು ಆಗ್ಲಿಲ್ಲ ಅನ್ನೋದು ತನಿಖೇಲಿ ಬಂದ ಮುಖ್ಯ ಅಂಶ. ಹತ್ರದ ವಿಮಾನವನ್ನ ಸ್ಕ್ರೀನಲ್ಲಿ ತೋರಿಸೋ ಎಡಿಎಸ್-ಬಿ ರಿಸೀವರ್ ಇಬ್ರ ಹತ್ರ ಇದ್ದಿದ್ರೆ ಬಹಳ ಮುಂಚೆನೇ ಎಚ್ಚರಿಕೆ ಸಿಗ್ತಿತ್ತು ಅಂತನೂ ಎಟಿಎಸ್‌ಬಿ ಲೆಕ್ಕ ಹಾಕಿ ತೋರಿಸ್ತು.

ಇದನ್ನ ಓದಿ ನಾನು ಸ್ಕೈಎಕೋ 2 ಅನ್ನೋ ಎಡಿಎಸ್-ಬಿ ಡಬ್ಬಿ ತಗೊಂಡೆ, ಅದರದ್ದೂ ಇಲ್ಲೇ ಒಂದು ಮಿನಿ ರಿವ್ಯೂ. ಅಂಗೈಯಷ್ಟಿರೋ ಡಬ್ಬಿ, ಕಿಟಕಿ ಗಾಜಿಗೆ ಅಂಟಿಸೋದು, ಒಳಗೇ ಬ್ಯಾಟರಿ, ನಿಮ್ಮ ಜಾಗವನ್ನ ಸುತ್ತಮುತ್ತಲಿನೋರಿಗೆ ಕಳಿಸುತ್ತೆ, ಅವರದ್ದನ್ನ ಹಿಡಿದು ವೈಫೈ ಮೂಲಕ ಐಪ್ಯಾಡಿಗೆ ಕೊಡುತ್ತೆ, ಓಝ್‌ರನ್‌ವೇಸ್ ಅಥವಾ ಏವ್‌ಪ್ಲ್ಯಾನ್ ಅನ್ನೋ ಆ್ಯಪ್‌ಗಳ ಮ್ಯಾಪ್ ಮೇಲೆ ಸಣ್ಣ ಬಾಣಗಳಾಗಿ ಕಾಣುತ್ತೆ. ಬಾಡಿಗೆ ವಿಮಾನದಲ್ಲಿ ಹಾರೋರಿಗೆ ಇದೇ ಸೂಕ್ತ, ಬಿಚ್ಚಿ ಬ್ಯಾಗಲ್ಲಿ ಹಾಕ್ಕೊಂಡು ಬರ್ಬಹುದು. ವಿಮಾನದ ಗುರುತು ತಾನೇ ಕಳಿಸೋ, ಪರ್ಮನೆಂಟಾಗಿ ಫಿಟ್ ಮಾಡಿಸಿದ ಟ್ರಾನ್ಸ್‌ಪಾಂಡರ್‌ಗೆ ಹೋಲಿಸಿದ್ರೆ ಇದರ ಪವರ್ ಕಮ್ಮಿ, 20 ವ್ಯಾಟ್, ಮತ್ತೆ ವಿಮಾನದ ಲೋಹದ ಮೈ ಅಡ್ಡ ಬಂದ ದಿಕ್ಕಲ್ಲಿ ಯಾವ ಪೋರ್ಟಬಲ್ ಡಬ್ಬಿಯಾದ್ರೂ ಮಂಕಾಗುತ್ತೆ, ಅದು ಫಿಸಿಕ್ಸು. ಎಲ್ಲಕ್ಕಿಂತ ದೊಡ್ಡ ಮಿತಿ, ಎದುರಿನೋನ ಹತ್ರ ಏನೂ ಇಲ್ಲ ಅಂದ್ರೆ ಅವನು ಸ್ಕ್ರೀನಲ್ಲಿ ಇಲ್ಲ. ಬೆನಾಲಾ ಕಡೆ ಗ್ಲೈಡರ್‌ಗಳ ಜಾತ್ರೆನೇ ಇರುತ್ತೆ, ಎಂಜಿನ್ ಇಲ್ಲ, ಬಿಳೀ ರೆಕ್ಕೆ, ಮೋಡದ ಕೆಳಗೆ ಹುಡುಕಿ ನೋಡಿ ಸಿಕ್ಕಿದ್ರೆ. ಎಡಿಎಸ್-ಬಿ ಹಾಕ್ಕೊಳ್ಳೋರಿಗೆ ಇಲ್ಲಿನ ಸರ್ಕಾರ 2022ರಿಂದ ಅರ್ಧ ದುಡ್ಡು ವಾಪಸ್ ಕೊಡೋ ಸ್ಕೀಮ್ ತಂದಿತ್ತು, ಗರಿಷ್ಠ 5,000 ಡಾಲರ್, ಅದರಿಂದ ಕ್ಲಬ್ಬಲ್ಲಿ ಬಹಳ ಜನ ಬದಲಾದ್ರು, ಭಾಷಣದಿಂದ ಆಗದ್ದು ಡಿಸ್ಕೌಂಟಿಂದ ಆಯ್ತು.

ಸ್ಕ್ರೀನ್ ನೋಡ್ಕೊಂಡೇ ಹಾರಿ ಅಂತ ನಾನು ಹೇಳ್ತಿಲ್ಲ. ಆದ್ರೆ ಬರೀ ಕಣ್ಣು ಸಾಕು ಅನ್ನೋ ಹಳೇ ತಲೆಗಳಿಗೆ ಒಂದು ವಿಷ್ಯ: ಕಣ್ಣಿಂದ ನೋಡಿ ತಪ್ಪಿಸ್ಕೊಳ್ಳೋ ಪದ್ಧತಿಯ ಮಿತಿಗಳ ಮೇಲೆ ಆಸ್ಟ್ರೇಲಿಯಾದ ಆಗಿನ ತನಿಖಾ ಸಂಸ್ಥೆ 1991ರಲ್ಲೇ ಒಂದು ವರದಿ ಮಾಡಿತ್ತು, ಅದರಲ್ಲಿ, ಎಲ್ಲಿ ನೋಡ್ಬೇಕು ಅಂತ ಮೊದಲೇ ಗೊತ್ತಿದ್ರೆ ಹುಡುಕಾಟ ಎಂಟು ಪಟ್ಟು ಪರಿಣಾಮಕಾರಿ ಅಂತ ಇದೆ. ರೇಡಿಯೋ ಇರೋದೇ ಅದಕ್ಕೆ. 'ಐದು ಮೈಲಿ ಪಶ್ಚಿಮ, ಎರಡು ಸಾವಿರ ಅಡಿ' ಅಂತ ಒಬ್ಬ ಹೇಳಿದ್ರೆ ನಿಮ್ಮ ಕಣ್ಣಿಗೆ ಎಂಟು ಪಟ್ಟು ಬಲ ಬಂದಂಗೆ. ಅದೇ ಅವನು ಪೂರ್ವದಲ್ಲಿ ಇದ್ಕೊಂಡು ಪಶ್ಚಿಮ ಅಂದ್ರೆ? ಆಗುತ್ತೆ, ತುಂಬಾ ಆಗುತ್ತೆ, ಹೊಸಬ್ರಷ್ಟೇ ಅಲ್ಲ.

ಪ್ರೀಮಿಯಂ ಪ್ಯಾಕೇಜ್ ಕೂಡ ಇದೆ ಇಲ್ಲಿ. ನ್ಯೂ ಸೌತ್ ವೇಲ್ಸ್‌ನ ಬಲ್ಲಿನಾ, ಬೈರನ್ ಬೇಗೆ ಟೂರಿಸ್ಟ್‌ಗಳನ್ನ ತರೋ ಏರ್‌ಪೋರ್ಟು, ದೊಡ್ಡ ಜೆಟ್‌ಗಳು ಬರ್ತಾವೆ, ಟವರ್ ಇಲ್ಲ. 2020ರ ನವೆಂಬರ್ 28ರಂದು ಅಲ್ಲಿ ಎ320 ಅನ್ನೋ ಪ್ಯಾಸೆಂಜರ್ ಜೆಟ್‌ಗೂ ಜಬಿರೂ ಅನ್ನೋ ಪುಟ್ಟ ವಿಮಾನಕ್ಕೂ ಡಿಕ್ಕಿ ಸ್ವಲ್ಪದರಲ್ಲಿ ತಪ್ಪಿತ್ತು. ಆಗ ಅಲ್ಲಿ ನೆಲದ ಮೇಲೊಬ್ರು ರೇಡಿಯೋ ಆಪರೇಟರ್ ಇದ್ರು, ಕೇಳಿದ್ದನ್ನ ಕೇಳಿದಂಗೆ ಹೇಳೋರು, ಅವರ ಮುಂದೆ ಸ್ಕ್ರೀನ್ ಇರ್ಲಿಲ್ಲ. 2021ರ ಆಗಸ್ಟಿಂದ ಅದರ ಜಾಗಕ್ಕೆ, ಬೇರೆ ಊರಲ್ಲಿ ಕೂತು ಸರ್ವೇಲೆನ್ಸ್ ಸ್ಕ್ರೀನ್ ನೋಡ್ಕೊಂಡು ಅದೇ ಫ್ರೀಕ್ವೆನ್ಸೀಲಿ ಯಾರು ಎಲ್ಲಿದಾರೆ ಅಂತ ಹೇಳೋ ಸರ್ವಿಸ್ ಬಂತು. ಇವರೂ ಕಂಟ್ರೋಲ್ ಮಾಡ್ತಿರ್ಲಿಲ್ಲ, ಹೇಳ್ತಿದ್ರು ಅಷ್ಟೇ. ನಾನು ಪ್ಯಾಸೆಂಜರ್ ಸೀಟಲ್ಲಿ ಕೂತು ಒಬ್ರ ಜೊತೆ ಹೋಗಿದ್ದೆ, ಆ ದನಿ ಕೇಳ್ತಿದ್ದಂಗೆ ಇಡೀ ಕಾಕ್‌ಪಿಟ್ಟಲ್ಲಿ ಭುಜ ಇಳೀತು. ಎಲ್ಲಾ ಊರಿಗೂ ಕೊಡೋಕೆ ದುಡ್ಡೆಲ್ಲಿಂದ ಬರ್ಬೇಕು ಅನ್ನೋದು ಬೇರೆ ಜಗಳ, ಆದ್ರೆ ಜೆಟ್ ಬರೋ ಊರಿಗಾದ್ರೂ ಕೊಡಿ ಅಂತ ನನ್ನ ವೋಟು.

ಈಗ ಒಂದೂವರೆ ಸ್ಟಾರ್ ಲೆಕ್ಕ. ಅರ್ಧ ಕಳೆದಿದ್ದು ನಿಯಮಗಳಲ್ಲೇ ಇರೋ ತೂತಿಗೆ. 2021ರ ಡಿಸೆಂಬರ್ 2ರಿಂದ ಹೊಸ ರೂಲ್ಸ್ ಬಂತು, ಡಿಕ್ಕಿ ತಪ್ಪಿಸೋಕೆ ಅಗತ್ಯ ಅನ್ಸಿದಾಗ ರೇಡಿಯೋದಲ್ಲಿ ಹೇಳ್ಲೇಬೇಕು ಅಂತ ಇದೆ, ಆದ್ರೆ ಯಾವಾಗ ಅಗತ್ಯ ಅನ್ನೋದು ಬಹುಪಾಲು ಪೈಲಟ್ ವಿವೇಚನೆಗೆ ಬಿಟ್ಟಿದ್ದು, ಮತ್ತೆ ಸರ್ಟಿಫಿಕೇಟ್ ಇಲ್ಲದ ಸಣ್ಣ ಸ್ಟ್ರಿಪ್‌ಗಳಲ್ಲಿ ರೇಡಿಯೋನೇ ಇಲ್ದೆ ಹಾರೋದಕ್ಕೂ ದಾರಿ ಇದೆ. ಸೀಟ್ಯಾಫ್ ಶಾಂತವಾಗಿದೆ ಅಂದ್ರೆ ಆಕಾಶ ಖಾಲಿ ಅಂತ ಅರ್ಥ ಅಲ್ಲ.

ಮಿಕ್ಕ ಒಂದು ಪೂರ್ತಿ ಸ್ಟಾರ್ ಕಳೆದಿದ್ದು ಬಿಲ್ಲಿಗೆ. ಗೊತ್ತಿಲ್ಲದೋರಿಗೆ ಆಶ್ಚರ್ಯ ಆಗ್ಬಹುದು, ಎಷ್ಟೋ ಹಳ್ಳಿ ಏರ್‌ಪೋರ್ಟಲ್ಲಿ ಲ್ಯಾಂಡಿಂಗ್ ಫೀ ವಸೂಲಿ ಮಾಡೋದು ಸೀಟ್ಯಾಫ್ ರೆಕಾರ್ಡಿಂಗ್ ಕೇಳಿ. ನೀವು ಹೇಳಿದ ಕಾಲ್‌ಸೈನ್ ನೋಡ್ಕೊಂಡು ವಿಮಾನದ ಓನರಿಗೆ ಇನ್‌ವಾಯ್ಸ್ ಹೋಗುತ್ತೆ. ಯಾರೂ ಕೂತಿರ್ಬೇಕಿಲ್ಲ, ಖರ್ಚು ಕಮ್ಮಿ, ಐಡಿಯಾ ಏನೋ ಜಾಣತನದ್ದೇ. ಆದ್ರೆ ಇದರ ಪರಿಣಾಮ ಯೋಚ್ನೆ ಮಾಡಿ, ಸೇಫ್ಟಿಗೆ ಅಂತ ಬಾಯ್ಬಿಟ್ಟವನಿಗೆ ಬಿಲ್ಲು, ಬಾಯ್ಮುಚ್ಕೊಂಡು ಬಂದೋನಿಗೆ ಫ್ರೀ. ಕಾಲ್‌ಸೈನ್ ಜಾಗದಲ್ಲಿ ಗುಳುಗುಳು ಅನ್ನೋರು, ಟಚ್ ಆಂಡ್ ಗೋ (ಇಳಿದು ನಿಲ್ದೇ ಹಂಗೇ ಮತ್ತೆ ಹಾರೋದು) ಮಾಡ್ತಾ ಅರ್ಧ ಕಾಲ್‌ಗಳನ್ನ ನುಂಗೋರು ಇದಾರೆ, ಕ್ಲಬ್ಬಿನ ಬಾರ್ಬೆಕ್ಯೂನಲ್ಲಿ ಅದನ್ನ ಹೆಮ್ಮೆಯಿಂದ ಹೇಳ್ಕೋತಾರೆ ಕೂಡ. ಹತ್ತು ಹದಿನೈದು ಡಾಲರ್ ಉಳಿಸೋಕೆ! ಅವರದ್ದು ತಪ್ಪು ಅನ್ನೋದು ಸರಿ, ಆದ್ರೆ ಜನ ಮಾತಾಡ್ಬೇಕು ಅಂತ ಇರೋ ಫ್ರೀಕ್ವೆನ್ಸಿ ಮೇಲೆ ಮೀಟರ್ ಕೂರ್ಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಯಾಮೆರಾ ಇಡಿ, ಫ್ಯುಯೆಲ್ ಮೇಲೆ ಸ್ವಲ್ಪ ಸೇರ್ಸಿ, ವರ್ಷದ ಪಾಸ್ ಮಾಡಿ, ಏನಾದ್ರೂ ಮಾಡಿ, ಮಾತಿಗೆ ದುಡ್ಡು ಬೇಡ.

ಇಲ್ಲಿಗೆ ಕಲಿಯೋಕೆ ಬರ್ತಿರೋ ನಮ್ಮ ಕಡೆಯ ಹುಡುಗ್ರು ಹುಡುಗೀರು ಮೆಸೇಜ್ ಮಾಡಿ ಕೇಳ್ತಿರ್ತಾರೆ, ಏನೇನು ತಗೋಬೇಕು ಅಂತ. ಮೊದಲು ಒಂದು ಒಳ್ಳೆ ಹೆಡ್‌ಸೆಟ್, ಯಾಕಂದ್ರೆ ಇಲ್ಲಿನ ರೈತ ಪೈಲಟ್‌ಗಳ ಇಂಗ್ಲಿಷು ಮೊದಲ ತಿಂಗಳು ಅರ್ಥ ಆಗಲ್ಲ, ಅದರ ಮೇಲೆ ಎಂಜಿನ್ ಸದ್ದೂ ಸೇರಿದ್ರೆ ಮುಗೀತು. ಹ್ಯಾಂಡ್‌ಹೆಲ್ಡ್ ರೇಡಿಯೋ ಎರಡನೇದು. ನನ್ನ ಹತ್ರ ಇರೋದು ಐಕಾಮ್ ಎ25, ಆರು ವ್ಯಾಟ್ ಪೀಕ್ ಪವರ್, ನೀರು ಬಿದ್ರೂ ತಡ್ಕೊಳ್ಳುತ್ತೆ, ಗ್ಲೌಸ್ ಹಾಕ್ಕೊಂಡೂ ಒತ್ಬಹುದಾದ ಬಟನ್ನು, ಇಷ್ಟ ಆಯ್ತು. ಇದನ್ನ ತಗೊಂಡಿದ್ದು ವಿಮಾನದ ರೇಡಿಯೋ ಕೈಕೊಟ್ರೆ ಇರ್ಲಿ ಅಂತ, ಆದ್ರೆ ಹೆಚ್ಚು ಉಪಯೋಗ ಆಗಿದ್ದು ನೆಲದ ಮೇಲೆ. ಎಂಜಿನ್ ಸ್ಟಾರ್ಟ್ ಮಾಡೋ ಮುಂಚೆನೇ ಸೀಟ್ಯಾಫ್ ಕೇಳ್ತಾ ವಿಮಾನದ ಸುತ್ತ ಪ್ರೀಫ್ಲೈಟ್ ಚೆಕ್ ಮಾಡಿದ್ರೆ, ಯಾರು ಯಾವ ರನ್‌ವೇ ಬಳಸ್ತಿದಾರೆ, ಎಷ್ಟು ಜನ ಸರ್ಕಿಟ್ಟಲ್ಲಿ, ಅಂದ್ರೆ ರನ್‌ವೇ ಸುತ್ತ ಹಾರೋ ದಾರೀಲಿ, ಇದಾರೆ, ಅದರಲ್ಲಿ ಕನ್‌ಫ್ಯೂಸ್ ಆಗಿರೋನು ಯಾರು ಅಂತ ಪೂರ್ತಿ ಗೊತ್ತಾಗ್ಬಿಡುತ್ತೆ. ಕ್ಯಾಬಿನ್ ಒಳಗೆ ಸಣ್ಣ ರಬ್ಬರ್ ಆಂಟೆನಾದಲ್ಲಿ ದೂರ ಹೋಗಲ್ಲ, ಅದು ಯಾವ ಬ್ರ್ಯಾಂಡಾದ್ರೂ ಅಷ್ಟೇ, ಸರ್ಕಿಟ್ ಅಳತೆಗೆ ಸಾಕು. ತಗೊಳ್ಳುವಾಗ ಹೆಡ್‌ಸೆಟ್ ಅಡಾಪ್ಟರ್ ಬಾಕ್ಸಲ್ಲಿ ಇದ್ಯಾ ನೋಡ್ಕೊಳಿ, ಅದಿಲ್ದಿದ್ರೆ ಹಾರ್ತಾ ಇರುವಾಗ ಒಂದಕ್ಷರ ಕೇಳ್ಸಲ್ಲ. ಮತ್ತೆ ಆರು ಎಎ ಸೆಲ್ ಹಾಕೋ ಖಾಲಿ ಬ್ಯಾಟರಿ ಕೇಸ್ ಬೇರೆಯಾಗಿ ಸಿಗುತ್ತೆ, ಅದನ್ನೂ ತಗೊಳಿ, ಎಎ ಸೆಲ್ಲು ಎಂಥಾ ಹಳ್ಳಿ ಪೆಟ್ರೋಲ್ ಬಂಕಲ್ಲೂ ಇರುತ್ತೆ.